ಏಣಿಯಣ್ಣನ ಎರಡನೇ ರೀಲು

ಜಿಲ್ಲಾ ಪ್ರಚಾರ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿ ಒಬ್ಬ ಮನುಷ್ಯನನ್ನು ಏಣಿಯ ತುದಿಗೆ ಹತ್ತಿಸಿ ಮೂವತ್ತೈದು ವರ್ಷಗಳಾದವು. ಇನ್ನೂ ಇಳಿಸಿಲ್ಲ. ಅಟ್ಟ ಹತ್ತಿಸಿ ಏಣಿ ತೆಗೆಯುವವರನ್ನು ನಾವು ಎಲ್ಲ ಕಚೇರಿಗಳಲ್ಲೂ ಕಂಡಿದ್ದೇವೆ. ಏಣಿಯನ್ನು ಅಲ್ಲೇ ಬಿಟ್ಟು ರೀಲನ್ನು ತೆಗೆದವರು ನೀವು ಮಾತ್ರ. ಈಗ ಆತನನ್ನು ಏಣಿ ಸಮೇತ ಗುಜರಿಗೆ ಹಾಕಲು ಹೊರಟಿದ್ದೀರೆಂದು ಪತ್ರಿಕೆಯಲ್ಲಿ ನಿಮ್ಮದೇ ಹರಾಜು ಪ್ರಕಟಣೆ ಓದಿ ತಿಳಿದುಕೊಂಡೆ. 'ಅನುಪಯುಕ್ತ ಪ್ರೊಜೆಕ್ಟರ್ ಮತ್ತು ಹಳೆಯ ಫಿಲ್ಮ್ ಡಬ್ಬಿಗಳು' ಎಂದು ಬರೆದಿದ್ದೀರಿ. ಆ ಡಬ್ಬಿಗಳಲ್ಲೊಂದನ್ನು ಹರಾಜಿಗೆ ಮೊದಲು ಒಂದೇ ಒಂದು ಸಲ ಓಡಿಸಿ ತೋರಿಸಿ ಎಂಬುದು ಅದೇ ಪತ್ರಿಕೆಯ ಮೂಲಕ ನನ್ನ ಬಹಿರಂಗ ಅಹವಾಲು. ಇದಕ್ಕೆ ಅವಸರವಿದೆ. ಕಾರಣ ನನ್ನ ಹೆಂಡತಿಯ ಕಣ್ಣು.

ತಾವು ಈ ಜಿಲ್ಲೆಗೆ ಇತ್ತೀಚೆಗೆ ಬಂದವರಿರಬಹುದು, ಆದ್ದರಿಂದ ಹಿಂದಿನದನ್ನು ಹೇಳಬೇಕು. ಆಗ ನಿಮ್ಮ ಕಚೇರಿಗೊಂದು ಜೀಪಿತ್ತು. ಸಂಜೆ ಹೊತ್ತಿಗೆ ಅದು ನಮ್ಮ ಹೊಳೆಹೊನ್ನೂರಿನ ಸಂತೆ ಮೈದಾನಕ್ಕೆ ಬಂದು ನಿಲ್ಲುತ್ತಿತ್ತು. ಎರಡು ಗಳ ನೆಟ್ಟು, ಬಿಳಿ ಪರದೆ ಕಟ್ಟಿ, ಜನರೇಟರ್ ಚಾಲೂ ಮಾಡಿ, ಮೊದಲು ಒಂದು ವಿದೇಶಿ ಮೂಕಿ ಚಿತ್ರ ಹಾಕುತ್ತಿದ್ದರು. ಉದ್ದ ಕತ್ತು, ಗಿಡ್ಡ ಪ್ಯಾಂಟು, ತಲೆಗೆ ಸಾಲದ ಟೋಪಿಯ ಒಬ್ಬ ಬಡಪಾಯಿ. ಯಾರೋ ಹುಡುಗಿ ಬೀದಿಯಲ್ಲಿ ಮರೆತುಹೋದ ಕೊಡೆಯನ್ನು ಆಕೆಯ ಮೂರನೇ ಮಹಡಿಯ ಕಿಟಕಿಗೆ ತಲುಪಿಸಲು ಏಣಿ ಹತ್ತುತ್ತಾನೆ. ಏಣಿಯ ಬುಡ ಒಂದು ಕುದುರೆಗಾಡಿಯ ಮೇಲಿದೆ, ಅದು ಅವನಿಗೆ ಗೊತ್ತಿಲ್ಲ. ಹುಡುಗಿ ಕಿಟಕಿಯಿಂದ ಕೈ ಚಾಚುತ್ತಾಳೆ, ಇವನು ಕೊಡೆ ಚಾಚುತ್ತಾನೆ, ಕುದುರೆ ಒಂದು ಹೆಜ್ಜೆ ಇಡುತ್ತದೆ. ಏಣಿ ಗೋಡೆ ಬಿಟ್ಟು ನೆಟ್ಟಗೆ ನಿಂತು ತೂಗಾಡುತ್ತದೆ. ಅಷ್ಟರಲ್ಲಿ ರೀಲು ಮುಗಿದು ಪರದೆ ಬೆಳ್ಳಗಾಗುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಮೈಕಿನಲ್ಲಿ ಸರ್ಕಾರದ ದನಿ ಬರುತ್ತಿತ್ತು: "ಉಳಿದ ಭಾಗವನ್ನು ಆಮೇಲೆ ತೋರಿಸಲಾಗುವುದು. ಯಾರೂ ಏಳಬಾರದು." ಅದರ ಹಿಂದೆಯೇ ಭತ್ತದ ಬೆಳೆಗೆ ತಗಲುವ ಕೀಟಗಳ ಚಿತ್ರ ಶುರುವಾಗುತ್ತಿತ್ತು.

ನಾವು ಏಳಲಿಲ್ಲ. ಕಾಂಡ ಕೊರೆಯುವ ಹುಳವನ್ನು ನೋಡಿದೆವು, ಎಲೆ ಸುತ್ತುವ ಹುಳವನ್ನು ನೋಡಿದೆವು, ಔಷಧಿ ಹೊಡೆಯುವ ಕ್ರಮವನ್ನು ನೋಡಿದೆವು. ಅದು ಮುಗಿದ ಕೂಡಲೇ ಜನರೇಟರ್ ನಿಲ್ಲುತ್ತಿತ್ತು, ಪರದೆ ಮಡಿಸುತ್ತಿದ್ದರು, ಜೀಪು ಹೋಗುತ್ತಿತ್ತು. ಮುಂದಿನ ವರ್ಷ ಮತ್ತೆ ಅದೇ ಕುದುರೆ, ಅದೇ ಒಂದು ಹೆಜ್ಜೆ. ಸರ್ಕಾರ ಈ ನಾಡಿಗೆ ಕೊಟ್ಟ ಆಶ್ವಾಸನೆಗಳಲ್ಲಿ ಈಡೇರದವು ಬಹಳ ಇವೆ, ಅವೆಲ್ಲಕ್ಕೂ ಹಣ ಬೇಕು, ಕಾಮಗಾರಿ ಬೇಕು, ನಾನು ಬಲ್ಲೆ. ಇದಕ್ಕೆ ಬೇಕಾದದ್ದು ಪ್ರೊಜೆಕ್ಟರಿಗೆ ಒಂದು ಬಲ್ಬು.

ಆ ನಟನ ಹೆಸರು ನಮಗಾರಿಗೂ ಗೊತ್ತಾಗಲಿಲ್ಲ. ಚಿತ್ರದ ಮೊದಲ ಒಂದಷ್ಟು ಉದ್ದ ಸವೆದು ಹರಿದು ಹೋಗಿದ್ದರಿಂದ ಹೆಸರು ಬರುವ ಭಾಗವೇ ಇರಲಿಲ್ಲ. ಜನ ಅವನನ್ನು ಏಣಿಯಣ್ಣ ಎಂದು ಕರೆದರು. ಅತ್ತೆ ಸೊಸೆಯರ ನಡುವೆ ಸಿಕ್ಕಿಬಿದ್ದ ಗಂಡಸನ್ನು ಕಂಡರೆ "ಏಣಿಯಣ್ಣನ ಪಾಡಾಯ್ತಲ್ಲ ಮಾರಾಯ" ಎನ್ನುತ್ತಿದ್ದರು. ಅವನ ದೇಶದಲ್ಲಿ ಅವನನ್ನು ಮರೆತಿರಬಹುದು. ನಮ್ಮ ತಾಲ್ಲೂಕು ಮರೆಯಲಿಲ್ಲ, ನಿಮ್ಮ ದಯದಿಂದ ಮರೆಯಲು ಆಗಲೂ ಇಲ್ಲ.

ಇನ್ನು ನನ್ನ ಸಂಸಾರದ ವಿಷಯ. ಹೆಣ್ಣು ನೋಡಲು ನಾವು ಕುಂಸಿಗೆ ಹೋಗಿದ್ದೆವು. ಉಪ್ಪಿಟ್ಟು, ಕೇಸರಿಭಾತು ಆದ ಮೇಲೆ ಹಿರಿಯರು ಏನಾದರೂ ಕೇಳುವುದಿದ್ದರೆ ಕೇಳಪ್ಪಾ ಎಂದರು. ನನಗೆ ಏನು ಕೇಳಬೇಕೆಂದು ತೋಚದೆ ಸಿನಿಮಾ ನೋಡ್ತೀರಾ ಎಂದೆ. ಹುಡುಗಿ ತಲೆ ತಗ್ಗಿಸಿಕೊಂಡೇ, ಜೀಪಿನ ಸಿನಿಮಾ ನೋಡಿದೀನಿ ಎಂದಳು. ನಾನು ಜಾಣತನ ತೋರಿಸಲು ಹೋಗಿ, ಆ ಏಣಿಯವನು ಬಿದ್ದೇ ಬೀಳ್ತಾನೆ ಬಿಡಿ ಎಂದುಬಿಟ್ಟೆ. ಅದುವರೆಗೆ ನೆಲ ನೋಡುತ್ತಿದ್ದವಳು ಮುಖವೆತ್ತಿ ನನ್ನನ್ನು ನೇರವಾಗಿ ನೋಡಿದಳು.

"ಬೀಳಲ್ಲ," ಅಂದಳು.

ಮದುವೆಯಾಯಿತು. ಅವಳ ಹೆಸರು ಕಾಶಮ್ಮ. ಭದ್ರಾವತಿಯ ಹೊಸಮನೆಯಲ್ಲಿ ಸಂಸಾರ ಹೂಡಿದೆವು, ನಾನು ಕಾರ್ಖಾನೆಯಲ್ಲಿ ಗುಮಾಸ್ತನಾದೆ. ನಮ್ಮ ಜಗಳ ಉಪ್ಪಿನಿಂದ ಶುರುವಾಗಲಿ, ಅವಳ ತಮ್ಮನಿಂದ ಶುರುವಾಗಲಿ, ಕೊನೆಗೆ ಏಣಿಯ ಬುಡಕ್ಕೆ ಬಂದು ನಿಲ್ಲುತ್ತದೆ. ಭೂಮಿಗೆ ಆಕರ್ಷಣ ಶಕ್ತಿಯಿದೆ, ಬಿದ್ದೇ ಬೀಳುತ್ತಾನೆ ಎಂದು ನಾನು. ಹುಡುಗಿ ಕೈ ಚಾಚಿದ್ದಾಳಲ್ಲ, ಕೊಡೆ ಹಿಡಿದು ಎಳೆದುಕೊಳ್ಳುತ್ತಾಳೆ ಎಂದು ಅವಳು.

ನನ್ನ ಯೋಗ್ಯತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನವರು ಹೇಳುವ ಮೊದಲು ನಾನೇ ಹೇಳುವುದು ಮರ್ಯಾದೆ. ಭದ್ರಾವತಿಯಲ್ಲಿ ನಾನು ಮೂಕಿ ಚಿತ್ರಗಳ ತಜ್ಞ. ಈ ಬಿರುದನ್ನು ಕೊಟ್ಟವನು ನಾನೇ. ಚಿತ್ರಾಸಕ್ತರ ಬಳಗವೊಂದನ್ನು ಕಟ್ಟಿ, ಬಂದವರಿಗೆ ಮೆಣಸಿನಕಾಯಿ ಬಜ್ಜಿ ಕೊಟ್ಟು, ಏಣಿಯಣ್ಣನ ಕಲೆಯ ಬಗ್ಗೆ ಉಪನ್ಯಾಸ ಮಾಡಿದ್ದೇನೆ. ಬಜ್ಜಿ ಮುಗಿದ ಮೇಲೂ ಕುಳಿತಿದ್ದವರು ನಿದ್ದೆ ಹೋದವರು ಮಾತ್ರ. ಸ್ಮರಣ ಸಂಚಿಕೆಯೊಂದಕ್ಕೆ 'ಏಣಿಯಣ್ಣನ ಪತನ: ಆಧುನಿಕ ಮಾನವನ ದುರಂತ' ಎಂಬ ಲೇಖನವನ್ನೂ ಬರೆದೆ. ಹೆಸರು ಗೊತ್ತಿಲ್ಲದ ನಟ, ಕೊನೆ ನೋಡದ ಚಿತ್ರ, ಆಗಿದೆಯೋ ಇಲ್ಲವೋ ತಿಳಿಯದ ಪತನ! ಕಾಶಮ್ಮ ಅದನ್ನು ಓದಿ, ಅವನು ಬೀಳದೇ ಇದ್ದರೆ ಮಾನವನ ಗತಿ ಏನಾಗುತ್ತದೆ ಎಂದು ಕೇಳಿದಳು.

ಹೋದ ವರ್ಷ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಿದ್ದಳು. ಅಜಾಗರೂಕತೆ ಎಂದು ನಾನು ಗದರಿದೆ. ಶಿವಮೊಗ್ಗದ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಅಂಚಿನ ದೃಷ್ಟಿಯೆಲ್ಲ ಹೋಗಿದೆ, ಹೋದದ್ದು ಬರುವುದಿಲ್ಲ, ನಡುವೆ ಉಳಿದದ್ದು ಎಷ್ಟು ದಿನವೆಂದು ಹೇಳಲಾಗದು ಎಂದರು. ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರೆ ಅರ್ಥವಾಗಲಿಲ್ಲವೆಂದು ನಟಿಸಬಹುದಿತ್ತು. ಹಳೆಯ ಮೂಕಿ ಚಿತ್ರಗಳಲ್ಲಿ ದೃಶ್ಯ ಮುಗಿಯುವಾಗ ಸುತ್ತಲೂ ಕಪ್ಪು ಮುಚ್ಚಿಕೊಂಡು ನಡುವೆ ಒಂದು ದುಂಡು ಬೆಳಕು ಉಳಿಯುತ್ತದೆ, ಆಮೇಲೆ ಅದೂ ಸಣ್ಣದಾಗುತ್ತದೆ. ನನ್ನ ಹೆಂಡತಿಗೆ ಈಗ ಲೋಕ ಹಾಗೆ ಕಾಣುತ್ತಿದೆ. ನನಗೆ ಭಯವಾಗಿದೆ ಸ್ವಾಮಿ.

ಮಾತಿನ ಚಿತ್ರವಾಗಿದ್ದರೆ ಇಷ್ಟು ಅವಸರ ಮಾಡುತ್ತಿರಲಿಲ್ಲ. ಟಿ.ವಿ. ಧಾರಾವಾಹಿಗಳನ್ನು ಅವಳು ಈಗ ಕೇಳಿಯೇ ಅನುಭವಿಸುತ್ತಾಳೆ, ಅಲ್ಲಿ ನೋಡುವಂಥದ್ದೂ ಏನಿಲ್ಲ. ಮೂಕಿ ಚಿತ್ರವನ್ನು ಕೇಳುವುದು ಹೇಗೆ? ನಾನೇ ಒಂದು ಕೊನೆ ಕಟ್ಟಿ ಹೇಳುತ್ತೇನೆ, ಪುಣೆಯ ಚಿತ್ರ ಸಂಗ್ರಹಾಲಯದಿಂದ ಪುಸ್ತಕ ತರಿಸಿ ಓದಿದೆ ಎನ್ನುತ್ತೇನೆ ಎಂದು ಯೋಚಿಸಿದ್ದೂ ಉಂಟು. ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಯಿತು.

"ನೀವು ಹೇಳಿದ್ದೆಲ್ಲ ಇಷ್ಟು ವರ್ಷ ಕೇಳಿದೀನಲ್ಲ, ಸಾಕು. ಇದೊಂದನ್ನ ನಾನೇ ನೋಡ್ತೀನಿ. ಈಗ ಉಳಿದಿರೋ ದುಂಡೊಳಗೆ ಅವನೊಬ್ಬ ಹಿಡಿಸ್ತಾನೆ."

ನಾನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಚಂದ್ರಹಾಸ ಎಂಬವರ ಸಿ.ಡಿ. ಅಂಗಡಿಯಲ್ಲಿ ವಿಚಾರಿಸಿದೆ. ನಟನ ಹೆಸರು ಹೇಳಿ ಸಾರ್ ಎಂದರು. ಹೆಸರು ಗೊತ್ತಿದ್ದರೆ ನಾನೇಕೆ ತಜ್ಞನಾಗುತ್ತಿದ್ದೆ? ಕೊನೆಗೆ ಅಂಗಡಿಯ ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ನಿಂತು, ಛತ್ರಿ ಚಾಚಿ, ತೂಗಾಡಿ, ದೃಶ್ಯವನ್ನು ಅಭಿನಯಿಸಿ ತೋರಿಸಿದೆ. ಬೀದಿಯಲ್ಲಿ ಜನ ಸೇರಿದರು. ಕೊನೆಗೇನಾಗುತ್ತೆ ಎಂದು ಒಬ್ಬರು ಕೇಳಿದರು. ಅದನ್ನೇ ಹುಡುಕ್ತಿದೀನಿ ಎಂದೆ. ಚಂದ್ರಹಾಸ ಪಾಪ ಒಳ್ಳೆಯವರು, ನಗದೆ ಒಂದು ಲೋಟ ನೀರು ಕೊಟ್ಟರು. ಅವರ ಅಂಗಡಿಯಲ್ಲಿ ಲೋಕಪ್ರಸಿದ್ಧ ಮೂಕಿ ನಟರೆಲ್ಲ ಇದ್ದರು, ನಮ್ಮವನು ಇರಲಿಲ್ಲ.

ಆಮೇಲೆ ನಿಮ್ಮ ಜೀಪಿನ ನಿವೃತ್ತ ಆಪರೇಟರ್ ಉಜ್ಜನಪ್ಪನವರನ್ನು ಭದ್ರಾವತಿಯ ಹಳೇನಗರದಲ್ಲಿ ಪತ್ತೆ ಮಾಡಿದೆ. ಎರಡನೇ ರೀಲನ್ನು ಏಕೆ ಹಾಕುತ್ತಿರಲಿಲ್ಲ ಎಂದು ಕೇಳಿದರೆ ಅವರು ಅಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದರು. "ಬಿದ್ನೋ ಇಲ್ವೋ ಗೊತ್ತಾಗ್ಬಿಟ್ರೆ ಜನ ಎದ್ದು ಹೋಗ್ತಾರಲ್ಲ ಸಾರ್. ಆಮೇಲೆ ಹುಳದ್ದು ಯಾರು ನೋಡ್ತಾರೆ? ಮೇಲಿನಿಂದ ಆರ್ಡರು." ಅವರೂ ಅದನ್ನು ನೋಡಿಲ್ಲವಂತೆ. ಆದರೆ ಡಬ್ಬಿಯ ಮೇಲೆ ಕೆಂಪು ಬಣ್ಣದಲ್ಲಿ 'ಏಣಿ ೨' ಎಂದು ತಾವೇ ಬರೆದದ್ದು ನೆನಪಿದೆ, ಸ್ಟೋರಿನ ಮೇಲಿನ ಅಟ್ಟಣೆಯಲ್ಲಿರಬೇಕು ಎಂದರು.

ಮುಂದಿನದು ತಮಗೆ ಗೊತ್ತಿರುವುದೇ, ಆದರೂ ಓದುಗರಿಗಾಗಿ ಹೇಳುತ್ತೇನೆ. ನಿಮ್ಮ ಸ್ಟೋರಿಗೆ ಬಂದೆ. ಅಟೆಂಡರು ಬಿದಿರೇಣಿಯೊಂದನ್ನು ತೋರಿಸಿ, ನೀವೇ ಹತ್ತಿ ನೋಡ್ಕೊಳ್ಳಿ ಎಂದು ಬುಡ ಹಿಡಿದುಕೊಂಡರು. ಹತ್ತಿದೆ. ತುಕ್ಕು ಹಿಡಿದ ಡಬ್ಬಿಗಳ ನಡುವೆ ಕೆಂಪು ಅಕ್ಷರ ಕಂಡಿತು, ಕೈಗೂ ಸಿಕ್ಕಿತು. ಅದೇ ಹೊತ್ತಿಗೆ ಹೊರಗೆ ಯಾರೋ ಟೀ ಬಂತು ಎಂದು ಕೂಗಿದರು. ಅಟೆಂಡರು ಹೋದರು. ಏಣಿಯ ಒಂದು ಕಾಲು ಸರ್ಕಾರದ ಕರಪತ್ರಗಳ ಕಟ್ಟಿನ ಮೇಲಿತ್ತು, ಕಟ್ಟು ನಿಧಾನವಾಗಿ ಜಾರತೊಡಗಿತು. ಭೂಮಿಯ ಆಕರ್ಷಣ ಶಕ್ತಿಯ ಬಗ್ಗೆ ಮೂವತ್ತು ವರ್ಷ ವಾದಿಸಿದ ನಾನು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಜೇಡರ ಬಲೆ ಹಿಡಿದು ತೂಗಾಡುತ್ತಿದ್ದಾಗ ಬಾಗಿಲಲ್ಲಿ ತಾವು ಕಾಣಿಸಿಕೊಂಡಿರಿ. ಜೋಪಾನ ಎನ್ನುತ್ತೀರೆಂದು ತಿಳಿದಿದ್ದೆ.

"ಅದನ್ನ ಅಲ್ಲೇ ಇಡ್ರಿ. ಹರಾಜಿನ ಮಾಲು ಅದು," ಅಂದಿರಿ.

ಇಟ್ಟೆ. ಹೇಗೆ ಇಳಿದೆನೋ ಶಿವನೇ ಬಲ್ಲ, ಪ್ಯಾಂಟು ಮಾತ್ರ ಹರಿಯಿತು. ಹಾಸ್ಯಚಿತ್ರವನ್ನು ಪ್ರಚಾರಚಿತ್ರದ ಜೊತೆಯಲ್ಲದೆ ಬೇರೆಯಾಗಿ ತೋರಿಸಲು ನಿಯಮವಿಲ್ಲ, ಅದೂ ಸಾರ್ವಜನಿಕರಿಗೆ ಮಾತ್ರ, ಒಬ್ಬರ ಹೆಂಡತಿಗಾಗಿ ಸರ್ಕಾರಿ ಯಂತ್ರ ಓಡಿಸಲಾಗದು ಎಂದು ವಿವರಿಸಿದಿರಿ. ಮನೆಗೆ ಬಂದು ಇಷ್ಟನ್ನೂ ಹೇಳಿದೆ. ಕಾಶಮ್ಮ ನಿಯಮದ ಬಗ್ಗೆ ಏನೂ ಕೇಳಲಿಲ್ಲ. ನೀವು ಬಿದ್ರಾ ಎಂದಳು. ಇಲ್ಲ ಎಂದೆ.

"ನೋಡಿ ಮತ್ತೆ. ನಿಮ್ಮಂಥೋರೇ ಬೀಳ್ಲಿಲ್ಲ, ಅವನು ಬೀಳ್ತಾನಾ?"

ಆದ್ದರಿಂದ ಮಾನ್ಯರೇ, ನಿಮ್ಮ ನಿಯಮಕ್ಕೆ ನಾನು ಪೂರ್ಣ ಶರಣಾಗಿದ್ದೇನೆ. ಹುಳದ ಚಿತ್ರವನ್ನು ಮೊದಲೇ ಹಾಕಿ. ಪೂರ್ತಿ ನೋಡುತ್ತೇವೆ, ಬೇಕಾದರೆ ಎರಡು ಸಲ ನೋಡುತ್ತೇವೆ, ಮುಗಿದಾಗ ಚಪ್ಪಾಳೆಯನ್ನೂ ತಟ್ಟುತ್ತೇವೆ. ಅದರಲ್ಲಿ ಹೊಡೆಯಲು ಹೇಳುವ ಔಷಧಿಯನ್ನು ಸರ್ಕಾರವೇ ಈಗ ನಿಷೇಧಿಸಿದೆಯಂತೆ, ಇರಲಿ, ನಮ್ಮಲ್ಲಿ ಗದ್ದೆಯೂ ಇಲ್ಲ. ಸಾರ್ವಜನಿಕರು ಬೇಕೆಂದರೆ ಹೊಳೆಹೊನ್ನೂರಿನಿಂದಲೂ ಕುಂಸಿಯಿಂದಲೂ ಕರೆತರುತ್ತೇನೆ. ನನ್ನ ವಯಸ್ಸಿನವರಲ್ಲಿ ಏಣಿಯಣ್ಣ ಏನಾದ ಎಂದು ತಿಳಿಯದೆ ಸಾಯಲು ಮನಸ್ಸಿಲ್ಲದವರು ಇನ್ನೂ ಇದ್ದಾರೆ. ಮುಂದಿನ ಸಾಲಿನ ನಡುವೆ, ಪರದೆಗೆ ನೇರವಾಗಿ, ಒಂದು ಕುರ್ಚಿ ಮಾತ್ರ ಬಿಟ್ಟುಕೊಡಿ. ಆಮೇಲೆ ಡಬ್ಬಿಯನ್ನು ಗುಜರಿಯವರಿಗೆ ಕೊಡಿ, ಅವರು ಫಿಲ್ಮು ತೊಳೆದು ಅದರ ಲೇಪದಲ್ಲಿರುವ ಬೆಳ್ಳಿ ತೆಗೆಯಲಿ.

ಕೊನೆಯದೊಂದು ಮಾತು, ಇದು ನಮ್ಮಿಬ್ಬರಲ್ಲೇ ಇರಲಿ. ಅವನು ಬಿದ್ದರೆ ನಾನು ಗೆದ್ದ ಹಾಗೆ. ನನ್ನ ಲೇಖನ ಉಳಿಯುತ್ತದೆ, ತಜ್ಞತನವೂ ಉಳಿಯುತ್ತದೆ. ಆದರೂ ಈಗೀಗ ದೀಪ ಹಚ್ಚುವಾಗ ದೇವರ ಮುಂದೆ ನಿಂತು, ಬೀಳದಿರಲಪ್ಪಾ, ಆ ಹುಡುಗಿ ಕೊಡೆ ಹಿಡಿದು ಎಳೆದುಕೊಳ್ಳಲಪ್ಪಾ ಎಂದು ಕೇಳಿಕೊಳ್ಳುತ್ತಿದ್ದೇನೆ. ಕಾಶಮ್ಮನಿಗೆ ಇದು ಗೊತ್ತಿಲ್ಲ. ಪತ್ರಿಕೆಯ ಸಣ್ಣ ಅಕ್ಷರ ಅವಳಿಗೆ ಈಗ ಕಾಣುವುದಿಲ್ಲ, ದಿನಾ ಬೆಳಿಗ್ಗೆ ಓದಿ ಹೇಳುವವನು ನಾನೇ. ಅಚ್ಚಾದ ದಿನ ಈ ಪತ್ರವನ್ನೂ ಓದಿ ಹೇಳುತ್ತೇನೆ. ಇದೊಂದು ಭಾಗವನ್ನು ಬಿಟ್ಟು.

ಇಂತಿ,
ಇನ್ನೂ ಪೂರ್ತಿ ಕೆಳಗಿಳಿಯದ,
ವಿಶ್ವಾರಾಧ್ಯ
ಒಂದೇ ರೀಲಿನ ಮೂಕಿಚಿತ್ರ ತಜ್ಞ
ಹೊಸಮನೆ, ಭದ್ರಾವತಿ