ತೊಂಬತ್ತಾರರಲ್ಲಿ ನಿಂತ ಮುಳ್ಳು

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಮಗಳೇ,

ಇಲ್ಲಿ ಎಲ್ಲ ಸರಿಯಾಗಿದೆ. ನನ್ನ ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತೆ. ನೀನು ಹೊತ್ತು ಹೊತ್ತಿಗೆ ಊಟ ಮಾಡ್ತಿದೀಯ ಅಂತ ನಂಬಿದೀನಿ, ನಂಬದೆ ಇನ್ನೇನು ಮಾಡ್ಲಿ. ನಮ್ಮ ಹಳೇ ಕಾರ್ಖಾನೆ ಬಗ್ಗೆ ನೀನು ಬರೆದ ವರದಿಯ ಕರಡು ಬಂದು ಮೂರು ವಾರವಾಯ್ತು. ಫೋನಲ್ಲಿ ಕೇಳಿದಾಗೆಲ್ಲ "ಕನ್ನಡಕ ರಿಪೇರಿಗೆ ಕೊಟ್ಟಿದೀನಿ" ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ತಡವಾಗಿದ್ದಕ್ಕೆ ಈಗಲೇ ಬೈಯಬೇಡ, ಬೈಯೋದಕ್ಕೆ ದೊಡ್ಡ ವಿಷಯ ಮುಂದಿದೆ.

ಅಲ್ಲ ಕಣೆ, ಎಷ್ಟು ಚೆನ್ನಾಗಿ ಬರೆದಿದೀಯ! ಆ ವಿಟಮಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದೆ. ಒಂದು ಕಿಲೋ ಹಳದಿ ಪುಡಿಗೆ ಎಷ್ಟು ನೀರು, ಎಷ್ಟು ಉಗಿ, ಎಷ್ಟು ಕರೆಂಟು ಬೇಕು, ಎಷ್ಟು ಕೊಳಕು ಹೊರಗೆ ಹೋಗುತ್ತೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಬೆರಳಿನ ಹಳದಿ ಯಾವ ಸೋಪಿಗೂ ಬಗ್ಗಲ್ಲ ಅನ್ನೋದೊಂದೇ. ನಿನ್ನನ್ನ ಎತ್ತಿಕೊಂಡು ಎತ್ತಿಕೊಂಡೇ ನಿನ್ನ ಬಿಳಿ ಫ್ರಾಕುಗಳನ್ನೆಲ್ಲ ಹಳದಿ ಮಾಡಿದ್ದೆ, ನೆನಪಿದೆಯಾ?

ನಿನ್ನ ಪ್ರಕಾರ ನಮ್ಮ ಹಳೇ ವಿಭಾಗ, ಅಂದರೆ ಆರು ಹಂತದಲ್ಲಿ ರಾಸಾಯನಿಕ ಬೆರೆಸಿ ವಿಟಮಿನ್ ಮಾಡೋದು, ಇನ್ನೂ ಹತ್ತು ವರ್ಷ ನಡೀಬಹುದು. ಸೂಕ್ಷ್ಮಜೀವಿಗಳನ್ನ ತೊಟ್ಟಿಯಲ್ಲಿ ಬೆಳೆಸಿ ಮಾಡೋ ಹೊಸ ವಿಧಾನಕ್ಕೆ ಅವಸರವಿಲ್ಲ. ಯಾಕೆ? ರಾಸಾಯನಿಕ ಕರಗಿಸೋಕೆ ಹಾಕಿದ ಸಾಲ್ವೆಂಟ್‌ನಲ್ಲಿ ನೂರಕ್ಕೆ ತೊಂಬತ್ತಾರು ಲೀಟರ್ ತಣಿದು ವಾಪಸು ಬರುತ್ತೆ, ಗಾಳಿಗೆ ಹೋಗೋದು ನಾಲ್ಕೇ. "ಅಪ್ಪಾ, ನಿಮ್ಮ ವಿಭಾಗ ಪಾಸಾಯ್ತು!" ಅಂತ ಫೋನಲ್ಲಿ ಕುಣಿದೆಯಲ್ಲ, ನಾನು ಕನ್ನಡಕದ ನೆಪ ಹೇಳಿ ಫೋನ್ ಇಟ್ಟುಬಿಟ್ಟೆ.

ಆ ತೊಂಬತ್ತಾರು ಸುಳ್ಳು, ಮಗಳೇ. ಮೊದಲು ಬರೆದವನು ನಾನೇ.

ಹದಿನಾರು ವರ್ಷದ ಹಿಂದೆ, ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದ ಆ ವಾರ. ನಂದು ಬೆಳಗಿನ ಶಿಫ್ಟು. ಮಧ್ಯಾಹ್ನ ಒಂದು ಗಂಟೆಗೆ, ವಾಪಸು ಬರೋ ಸಾಲ್ವೆಂಟ್ ಅಳೆಯೋ ಮೀಟರಿನ ಮುಳ್ಳು ತೊಂಬತ್ತಾರಕ್ಕೆ ಬಂದು ಸಿಕ್ಕಿಕೊಳ್ತು. ಗಾಜು ತಟ್ಟಿದೆ, ಕೊಳವೆ ಮುಚ್ಚಿ ನೋಡಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಿಯಮದ ಪ್ರಕಾರ ಬರೆದು ತಿಳಿಸಬೇಕು, ಮೆಕ್ಯಾನಿಕ್ ಬಂದು ಸರಿ ಮಾಡೋ ತನಕ ನೋಡಿದವನು ಅಲ್ಲೇ ಇರಬೇಕು. ಅಂದರೆ ಸಂಜೆಯಾಗುತ್ತೆ. ನನಗೆ ಆಸ್ಪತ್ರೆಗೆ ಓಡಬೇಕಿತ್ತು. ಪುಸ್ತಕದಲ್ಲಿ ತೊಂಬತ್ತಾರು ಅಂತ ಬರೆದು, ಎರಡು ಗಂಟೆಯ ಸೈರನ್ ಆಗ್ತಿದ್ದ ಹಾಗೇ ಸೈಕಲ್ ಹತ್ತಿದೆ.

ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ನಿಮ್ಮಮ್ಮ ಇಲ್ಲದ ಮನೆ, ಏಳನೇ ಕ್ಲಾಸಿನ ನೀನು, ಬಾರದ ಜಡೆ ಹಾಕೋಕೆ ಹೆಣಗೋ ನಾನು. ತಿಂಗಳಾದ ಮೇಲೆ ಹೇಳಿದರೆ "ಇಷ್ಟು ದಿನ ಯಾಕಯ್ಯಾ ಬಾಯಿಗೆ ಬೀಗ ಹಾಕ್ಕೊಂಡಿದ್ದೆ" ಅಂತಾರೆ. ಬೀಗ ಹಾಕ್ಕೊಂಡೇ ಇದ್ದೆ. ನನ್ನ ನಂತರದ ಶಿಫ್ಟಿನ ಗುಂಡಣ್ಣನಿಗೂ ಗೊತ್ತಾಯ್ತು. ದಿನಾ ಒಂದೇ ಅಂಕಿ ಬರೆದರೆ ಚೆನ್ನಾಗಿ ಕಾಣಲ್ಲ ಅಂತ ಆ ಮಹಾನುಭಾವ ಮಂಗಳವಾರ ತೊಂಬತ್ತೈದು, ಶುಕ್ರವಾರ ತೊಂಬತ್ತೇಳು ಅಂತ ಶುರು ಮಾಡಿದ! ವರ್ಷಕ್ಕೊಮ್ಮೆ ತಪಾಸಣೆಯವನು ಬಂದು ಗಾಜು ಒರೆಸಿ, ಚೀಟಿ ಅಂಟಿಸಿ, ಟೀ ಕುಡಿದು ಹೋಗ್ತಿದ್ದ.

ಆದರೆ ಡ್ರಮ್ಮುಗಳನ್ನ ಎಲ್ಲಿ ಬಚ್ಚಿಡೋದು? ಆವಿಯಾಗಿ ಹೋದಷ್ಟನ್ನ ತುಂಬಿಸೋಕೆ ಮೊದಲು ವಾರಕ್ಕೆ ಎರಡು ಡ್ರಮ್ ಹೊಸ ಸಾಲ್ವೆಂಟ್ ಸಾಕಾಗ್ತಿತ್ತು. ನಾನು ನಿವೃತ್ತನಾಗೋ ಹೊತ್ತಿಗೆ ಏಳು. ಉಗ್ರಾಣದ ಪುಸ್ತಕ ತರಿಸಿ ನೋಡು, ಟ್ಯಾಂಕಿಗೆ ಕೋಲು ಇಳಿಸಿ ನೀನೇ ಅಳತೆ ಮಾಡು. ಬೇರೆ ಯಾವ ಕಾರ್ಖಾನೆಯಾಗಿದ್ದರೂ ನೀನು ಅದನ್ನ ಮೊದಲೇ ಮಾಡ್ತಿದ್ದೆ. ಇಲ್ಲಿ ಹಳೇ ಪುಸ್ತಕದಲ್ಲಿ ಅಪ್ಪನ ಅಕ್ಷರ ಕಂಡು ನಂಬಿದೆ. ಅದು ನೆನಪಾದಾಗೆಲ್ಲ ನಾಚಿಕೆಯಿಂದ ಸತ್ತುಹೋಗ್ತೀನಿ.

ನಿನ್ನೆ ಗುಂಡಣ್ಣನ ಮನೆಗೆ ಹೋಗಿ, ಮಗಳಿಗೆ ಎಲ್ಲ ಬರೀತೀನಿ ಅಂದೆ. "ನೀನೇನೋ ಪೆನ್ಶನ್ ತಗೊಂಡು ಆರಾಮಾಗಿದೀಯ. ನಾವು ನಲವತ್ತು ಜನ ಇನ್ನೂ ಅಲ್ಲೇ ಇದೀವಿ. ಮಗಳ ಕೈಯಲ್ಲೇ ಬಾಗಿಲು ಹಾಕಿಸ್ತೀಯಾ?" ಅಂದ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಹೊರಡುವಾಗ ಗೇಟಿನ ತನಕ ಬಂದ. "ಆ ಆವಿಯೆಲ್ಲ ಹೋಗಿದ್ದಾದ್ರೂ ಎಲ್ಲಿಗೆ? ನಮ್ಮ ಮೂಗಿಗೆ ತಾನೇ. ಬರೆದುಬಿಡು ಅತ್ಲಾಗೆ" ಅಂತ ಗೊಣಗಿ ಒಳಗೆ ಹೋದ.

ಹದಿನೈದನೇ ತಾರೀಕಿಗೆ ವರದಿ ಒಪ್ಪಿಸಬೇಕು ಅಂದಿದ್ದೆ, ಅದಕ್ಕೇ ಇವತ್ತು ಬರೀತಿದೀನಿ. ನನ್ನ ಹೆಸರು ಮುಚ್ಚಿಡಬೇಡ. ಆ ನಲವತ್ತು ಜನಕ್ಕೆ ಹೊಸ ತೊಟ್ಟಿಗಳ ಕೆಲಸ ಕಲಿಸಿ ಅಂತ ಒಂದು ಸಾಲು ಸೇರಿಸೋಕಾಗುತ್ತಾ ನೋಡು. ನೀನು ಬರೆದದ್ದಕ್ಕೆ ನೀನು ಯಾವತ್ತೂ ತಲೆ ತಗ್ಗಿಸೋ ಹಾಗಾಗದಿರಲಿ. ತಣ್ಣಗಿರು, ಕಂದಾ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕರಡಿನ ಜೊತೆ ಇಟ್ಟಿದ್ದ ಚೀಟಿಯಲ್ಲಿ "ಮಗಳನ್ನ ಇಂಜಿನಿಯರ್ ಮಾಡಿ ಅಂತ ಅಮ್ಮ ಕೊನೆಗೆ ನಿನ್ನ ಕೈ ಹಿಡಿದು ಹೇಳಿದ ಮಾತು ಉಳಿಸಿದೀನಿ, ಅಪ್ಪಾ" ಅಂತ ಬರೆದಿದೀಯ. ಆ ಮಾತೂ ನಂದೇ. ಮೀಟರ್ ಕೆಟ್ಟ ಆ ದಿನ ನಾನು ಆಸ್ಪತ್ರೆ ಮುಟ್ಟಿದಾಗ ಎರಡೂ ಇಪ್ಪತ್ತು. ಅವಳು ಹೋಗಿ ಅರ್ಧ ಗಂಟೆಯಾಗಿತ್ತು. ಸಂಜೆ ನೀನು ಸ್ಕೂಲ್ ಬ್ಯಾಗು ಕೂಡ ಇಳಿಸದೆ "ಅಮ್ಮ ಏನಂದ್ಲು?" ಅಂತ ಕೇಳಿದೆ. ಏನೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಾನಿದ್ದಿದ್ರೆ ಹೀಗೇ ಅಂತಿದ್ಲು ಅಂದುಕೊಂಡು ಹೇಳಿಬಿಟ್ಟೆ. ನರ್ಸಮ್ಮ ನನಗೆ ಹೇಳಿದ್ದೇ ಬೇರೆ. ನಿಮ್ಮಮ್ಮ ಕೊನೆಗೆ ಕೇಳ್ತಾ ಇದ್ದದ್ದು ಒಂದೇ ಅಂತೆ: "ಗಂಟೆ ಎಷ್ಟಾಯ್ತು? ಅವರ ಶಿಫ್ಟು ಮುಗೀತಾ?"