ಡೆಸ್ಮಂಡ್ ಸರ್ ಅವರ ಎಡಗೈ

ಅಕ್ಟೋಬರ್ 12, ಭಾನುವಾರ

ಹೂಡಿಗೆ ಬ್ಯಾಂಡ್ ಪ್ರಾಕ್ಟೀಸಿಗೆ ಹೋಗಿ ಬಂದೆ. ಮಾದಾವರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಒಂದೂಮುಕ್ಕಾಲು ಗಂಟೆ. ಸೀಟು ಸಿಗಲಿಲ್ಲ. ಸಿಕ್ಕಿದ್ದರೆ ತೊಡೆಯ ಮೇಲಾದರೂ ಡ್ರಮ್ಸ್ ಬಾರಿಸಿಕೊಂಡು ಹೋಗುತ್ತಿದ್ದೆ.

ನಾಲ್ಕು ಹಾಡು ಸರಿ ಬಂದವು. ಐದನೆಯದರಲ್ಲಿ ಪಂಚಾಕ್ಷರಿ ಕಣ್ಣು ಮುಚ್ಚಿ ಭಜನೆಗೆ ಹೊರಟುಹೋದ. ಬೇಸ್ ಗಿಟಾರ್ ಅವನದು. ಕಲಿತದ್ದು ತುಮಕೂರು ಕಡೆಯ ಮಠದ ಹಾಸ್ಟೆಲಿನಲ್ಲಿ, ಹಾರ್ಮೋನಿಯಂ. ಇವತ್ತಿಗೂ ಸಾಲು ಮುಗಿದಲ್ಲಿ ತಲೆ ಒಂದು ಸುತ್ತು ಹೋಗುತ್ತದೆ. ನಾವು ನುಡಿಸುವುದು ತೊಂಬತ್ತರ ದಶಕದ ಇಂಗ್ಲಿಷ್ ರಾಕ್, ಬ್ಯಾಂಡಿನ ಹೆಸರು ಸೈಡ್ ಬಿ. ಅವನನ್ನು ನೋಡಿದವರು ಶಿವರಾತ್ರಿ ಜಾಗರಣೆ ಅಂದುಕೊಳ್ಳಬೇಕು.

ಬ್ರೇಕಿನಲ್ಲಿ ಕೃಪಾ ಸುದ್ದಿ ಹೇಳಿದಳು. ಹಾಡುವವಳು ಅವಳು, ಸ್ಕೂಲ್ ಟೀಚರ್, ಎಲ್ಲದಕ್ಕೂ ಒಂದು ಲಿಸ್ಟ್. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರ ರಾಜ್ಯೋತ್ಸವಕ್ಕೆ ನಮ್ಮನ್ನು ಕರೆದಿದ್ದಾರಂತೆ. ನವೆಂಬರ್ 14. ನಾಲ್ವರ ಸಂಗೀತದ ಹಿನ್ನೆಲೆ ಬರೆದು ಕೊಡಬೇಕು — ಯಾರ ಹತ್ತಿರ ಕಲಿತದ್ದು, ಎಷ್ಟು ವರ್ಷ, ಗುರುಗಳ ಜೊತೆ ಒಂದು ಫೋಟೊ.

ಆಮೇಲೆ ನನ್ನ ಕಡೆ ತಿರುಗಿದಳು. "ಡೆಸ್ಮಂಡ್ ಸರ್ ಫೋಟೊ ಇರುತ್ತಲ್ವಾ ಲೋಕೇಶ್?"

ಹುಡುಕುತ್ತೇನೆ ಅಂದೆ.

ಅಕ್ಟೋಬರ್ 13

ಇಲ್ಲಿ ಬರೆದುಬಿಡುತ್ತೇನೆ. ಬೇರೆ ಯಾರಿಗೆ ಹೇಳಲಿ.

ಡೆಸ್ಮಂಡ್ ಸರ್ ಅಂತ ಯಾರೂ ಇಲ್ಲ. ಇರಲೂ ಇಲ್ಲ. ಎರಡು ವರ್ಷದ ಹಿಂದೆ ಮೊದಲ ಸಲ ಹೂಡಿಗೆ ಹೋದಾಗ ನನ್ನ ಡ್ರಮ್ಸ್ ಕೇಳಿ ಗಿಟಾರಿನ ಶಿವಶಂಕರ್, ಎಲ್ಲಿ ಕಲ್ತಿದ್ದು ಗುರು ಅಂದ. ಬಾಯಿಗೆ ಬಂದದ್ದು ಇಷ್ಟು — ಕುಕ್ ಟೌನ್, ಆಂಗ್ಲೋ ಇಂಡಿಯನ್ ಮೇಷ್ಟ್ರು, ಡೆಸ್ಮಂಡ್ ಅಂತ. ನಾನು ಸೂಪರ್‌ವೈಸರ್ ಆಗಿರುವ ಗೋಡೌನಿನಲ್ಲಿ ಅವತ್ತು ಒಂದು ಪಾರ್ಸೆಲ್ ಮೇಲೆ ಆ ಹೆಸರಿತ್ತು. ಅಡ್ರೆಸ್ ಸಿಗದೆ ವಾಪಸ್ ಬಂದ ಪಾರ್ಸೆಲ್.

ಆಮೇಲೆ ಇವರಿಗೆ ಅವರನ್ನು ನೋಡುವ ಹಟ. ಕ್ರಿಸ್‌ಮಸ್ಸಿಗೆ ಕೇಕ್ ತಗೊಂಡು ಹೋಗೋಣ ಅಂದರು. ದಾರಿ ಕಾಣದೆ ಕಳೆದ ಡಿಸೆಂಬರಿನಲ್ಲಿ ಸಾಯಿಸಿಬಿಟ್ಟೆ. ಹಾರ್ಟ್ ಅಟ್ಯಾಕ್. ಪ್ರಾಕ್ಟೀಸ್ ರೂಮಿನಲ್ಲಿ ನಾಲ್ವರೂ ಎದ್ದು ನಿಂತು ಎರಡು ನಿಮಿಷ ಮೌನ. ನನಗೆ ಕಣ್ಣಲ್ಲಿ ನೀರೂ ಬಂತು. ಥೂ ನನ್ನ ಜನ್ಮಕ್ಕೆ.

ಕಲಿಸಿದ್ದು ಅಪ್ಪ. ತಮಟೆ ವೆಂಕಟಪ್ಪ ಅಂದರೆ ಮಾದನಾಯಕನಹಳ್ಳಿಯಿಂದ ನೆಲಮಂಗಲದವರೆಗೆ ಗೊತ್ತು. ಸಾವಿನ ಮನೆ, ದೇವರ ಮೆರವಣಿಗೆ, ಈಗೀಗ ಎಲೆಕ್ಷನ್. ನನಗೆ ಆರು ವರ್ಷವಿದ್ದಾಗ ಎಡಗೈಗೆ ತೆಳು ಕಡ್ಡಿ ಕೊಟ್ಟ. ಬಲಗೈಯನ್ನು ಟವೆಲಿನಲ್ಲಿ ಸೊಂಟಕ್ಕೆ ಕಟ್ಟಿದ. ಒಂದು ತಿಂಗಳು ಬರೀ ಎಡಗೈ. ಡ್ರಮ್ ಸೆಟ್ ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ. ಬ್ಯಾಂಡಿನವರು ಹೊಗಳುವುದು ಆ ಎಡಗೈಯನ್ನೇ. ಶಿವಶಂಕರ್ ಅದಕ್ಕೆ ಡೆಸ್ಮಂಡ್ ಟಚ್ ಅನ್ನುತ್ತಾನೆ.

ಅಕ್ಟೋಬರ್ 19, ಭಾನುವಾರ

ಕೃಪಾ ಎಲ್ಲರ ಕಥೆ ಬರೆದುಕೊಂಡಳು. ಅವಳದೇ ಮೊದಲು — ಎಂಟನೇ ವಯಸ್ಸಿನಿಂದ ಚರ್ಚ್ ಕ್ವಾಯರ್, ಹದಿನೇಳು ವರ್ಷವೂ ಹಿಂದಿನ ಸಾಲಿನಲ್ಲೇ, ಒಂದು ಸಲವೂ ಮುಂದೆ ನಿಲ್ಲಿಸಲಿಲ್ಲವಂತೆ. ಅದಕ್ಕೇ ಈಗ ಮೈಕ್ ಬಿಡುವುದಿಲ್ಲ. ಶಿವಶಂಕರ್ ಹೂಡಿಯ ಮೂಲದವನು. ಇವರ ಹೊಲವಿದ್ದ ಕಡೆ ಈಗ ಇವರದೇ ಮೂರು ಬಿಲ್ಡಿಂಗು. ತೊಂಬತ್ತಾರರಲ್ಲಿ ಒಬ್ಬ ಬಾಡಿಗೆಯವನು ಮನೆ ಖಾಲಿ ಮಾಡುವಾಗ ಗಿಟಾರ್ ಬಿಟ್ಟುಹೋದ. ಇವನು ಅದರಲ್ಲೇ ಕಲಿತ, ಗುರುವೂ ಇಲ್ಲ ಗಿರುವೂ ಇಲ್ಲ. ಪಂಚಾಕ್ಷರಿ ಮಠದ ಸಂಜೆ ಭಜನೆ, ಕೈ ತಪ್ಪಿದರೆ ಸ್ವಾಮಿಗಳ ಬೆತ್ತ, ಎಲ್ಲ ಹೇಳಿದ. ಎಲ್ಲರೂ ನಕ್ಕರು, ಸಕ್ಕತ್ ಅಂದರು.

ನಾನೂ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಚಿಕ್ಕಮುನಿಯಮ್ಮ ಕಾಫಿ ತಂದರು. ಶಿವಶಂಕರನ ಅಮ್ಮ. ಪ್ರಾಕ್ಟೀಸ್ ರೂಮ್ ಅವರ ಮನೆಯ ಮೂರನೇ ಮಹಡಿ. ಮೊಣಕಾಲು ನೋವಿದ್ದರೂ ತಾವೇ ಹತ್ತಿ ಬರುತ್ತಾರೆ, ನಾಲ್ಕು ಸ್ಟೀಲ್ ಲೋಟ. ಪ್ಲಂಬರ್ ಬಂದರೆ ಅದೇ ಕಾಫಿ ಪೇಪರ್ ಕಪ್ಪಿನಲ್ಲಿ. ನಾನೇ ನೋಡಿದ್ದೇನೆ. ಮೊದಲ ದಿನವೇ ನನ್ನನ್ನು, ಯಾರ ಪೈಕಿ ಅಪ್ಪಾ ನೀವು ಅಂತ ಕೇಳಿದ್ದರು. ವ್ಯವಸಾಯ ಅಂದಿದ್ದೆ.

ಮಠದ ಹಾರ್ಮೋನಿಯಂ ಅಂದರೆ ಕಥೆ ಅಲ್ಲಿಗೆ ಮುಗಿಯುತ್ತದೆ. ಸಾವಿನ ಮನೆಯ ತಮಟೆ ಅಂದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮುಂದಿನ ಭಾನುವಾರ ಲೋಟ ಬದಲಾಗಿರುತ್ತದೆ, ಅಷ್ಟೆ. ಬದಲಾಗದೆಯೂ ಇರಬಹುದು. ಆದರೆ ಪ್ರತಿ ಭಾನುವಾರ ಲೋಟ ನೋಡುತ್ತಾ ಕೂರಲು ನನ್ನ ಕೈಲಾಗದು.

ಡೆಸ್ಮಂಡ್ ಸರ್ ಹತ್ತಿರ ಒಂಬತ್ತು ವರ್ಷ ಅಂತ ಬರೆಸಿದೆ. ಫೋಟೊ ಹಳೇ ಫೋನಿನ ಜೊತೆ ಹೋಯಿತು ಅಂದೆ. ಕೃಪಾ ಪಾಪ, ಬಹಳ ನೊಂದುಕೊಂಡಳು. ಹಾಗಿದ್ದರೆ ಕೊನೆಯ ಹಾಡನ್ನು ಅವರ ಹೆಸರಿನಲ್ಲಿ ಹಾಡೋಣ ಅಂದಳು.

ಅಕ್ಟೋಬರ್ 29

ಅಪ್ಪ ಊಟ ಮಾಡುತ್ತಾ ಹೇಳಿದ. ಏಜೆಂಟ್ ಫೋನ್ ಮಾಡಿದ್ದನಂತೆ. ರಾಜ್ಯೋತ್ಸವಕ್ಕೆ ಎಂಟು ಜನ ತಮಟೆಯವರು ಬೇಕು. ವೈಟ್‌ಫೀಲ್ಡ್ ಕಡೆ, ಯಾವುದೋ ಕಂಪನಿ. ಹದಿನಾಲ್ಕನೇ ತಾರೀಖು.

ಅಲ್ಲಿ ನೂರು ಕಂಪನಿ ಇವೆ, ನೂರು. ಅಪ್ಪನ ತಂಡ ಇವತ್ತಿನವರೆಗೆ ಯಶವಂತಪುರ ದಾಟಿದ್ದಿಲ್ಲ.

ಅಕ್ಟೋಬರ್ 30

ಏಜೆಂಟ್ ಕಳಿಸಿದ ಲೊಕೇಶನ್ ನೋಡಿದೆ. ಅದೇ ಕಂಪನಿ. ಅದೇ ಗೇಟು.

ನವೆಂಬರ್ 9, ಭಾನುವಾರ

ಹತ್ತು ದಿನ ಏನೂ ಬರೆದಿಲ್ಲ. ಬರೆಯಲು ಏನಿದೆ. ಜ್ವರ ಅಂತ ಹೇಳಲೇ? ಬೇರೆ ಡ್ರಮ್ಮರ್ ಸಿಗುವುದಿಲ್ಲ, ಮೂವರ ಕಾರ್ಯಕ್ರಮ ಹಾಳು. ಅಪ್ಪನಿಗೆ ಹೋಗಬೇಡ ಅನ್ನಲೇ? ಯಾಕೆ ಅಂದರೆ ಏನು ಹೇಳಲಿ...

ಕೊನೆಗೆ ನಾನೂ ಅಲ್ಲೇ ಬರುತ್ತೇನೆ, ಬ್ಯಾಂಡಿನವರ ಜೊತೆ, ಅಂದೆ. ಅಪ್ಪ ನನ್ನನ್ನೇ ನೋಡಿದ. ನಮ್ದು ಗೇಟ್ ತಾವ, ನಿಮ್ದು ಸ್ಟೇಜ್ ಮ್ಯಾಗೆ ಅಲ್ವಾ ಅಂದ. ಹೂಂ ಅಂದೆ. ಎದ್ದು ಕೈ ತೊಳೆಯಲು ಹೋದ.

ನವೆಂಬರ್ 14, ಸಂಜೆ 7

ಬೆಳಿಗ್ಗೆಯಿಂದ ತುಂತುರು. ಹನ್ನೆರಡಕ್ಕೆ ಗ್ರೀನ್ ರೂಮಿನ ಕಿಟಕಿಯಿಂದ ನೋಡಿದರೆ ಕೆಳಗೆ ಪಾರ್ಕಿಂಗ್ ಬಾಗಿಲಲ್ಲಿ ಅಪ್ಪನ ತಂಡ. ಪಕ್ಕದಲ್ಲಿ ಕಾರ್ಯಕ್ರಮ ನೋಡಿಕೊಳ್ಳುವ ಕಂಪನಿಯ ಮಂಜುಶ್ರೀ ಮೇಡಂ ಮತ್ತು ಇಬ್ಬರು ಸೆಕ್ಯೂರಿಟಿ. ಹುಲ್ಲು ಹಚ್ಚಿ ತಮಟೆ ಕಾಯಿಸಲು ಬಿಡುತ್ತಿಲ್ಲ, ಅಲಾರಂ ಹೊಡೆದುಕೊಳ್ಳುತ್ತದೆ ಅಂತ. ಕಾಯಿಸದಿದ್ದರೆ ಚರ್ಮ ಬಿಗಿಯಾಗುವುದಿಲ್ಲ. ಅದೂ ಈ ಹವಾಕ್ಕೆ! ಫೈಬರಿನದು ತಗೊ ಅಂತ ಎಷ್ಟು ಸಲ ಹೇಳಿದ್ದೆ. ಕೇಳುವ ಮನುಷ್ಯನಲ್ಲ.

ಅಪ್ಪ ತಮಟೆ ತಟ್ಟಿದ. ಮೇಲಿನವರೆಗೂ ಕೇಳಿಸಿತು, ಸತ್ತ ಸದ್ದು. ಇನ್ನೊಂದು ಸಲ ತಟ್ಟಿ ಕೆಳಗಿಟ್ಟ. ಕಂಪನಿಯ ಹುಡುಗಿಯರು ಸೀರೆ ಉಟ್ಟು ಸೆಲ್ಫಿ ತೆಗೆಯುತ್ತಿದ್ದರು. ನಲವತ್ತು ವರ್ಷ ಬಾರಿಸಿದವನು ಇವರ ಮುಂದೆ ಆ ಸದ್ದು ಮಾಡಿಕೊಂಡು ನಡೆಯಬೇಕು.

ಕೃಪಾಳ ಹೇರ್ ಡ್ರೈಯರ್ ಟೇಬಲ್ ಮೇಲಿತ್ತು. ಅವಳು ಸೌಂಡ್ ಚೆಕ್‌ನಲ್ಲಿದ್ದಳು. ಯೋಚನೆ ಮಾಡಿದ್ದರೆ ಹೋಗುತ್ತಿರಲಿಲ್ಲ. ಅದನ್ನೂ ಒಂದು ಎಕ್ಸ್‌ಟೆನ್ಶನ್ ಬಾಕ್ಸನ್ನೂ ಎತ್ತಿಕೊಂಡು ಮೆಟ್ಟಿಲಲ್ಲಿ ಓಡಿದೆ.

ಅಪ್ಪ ನನ್ನನ್ನು ಕಂಡ. ಮಂಜುಶ್ರೀ ಮೇಡಂ ಅಲ್ಲೇ ಇದ್ದರು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಗ್ಯಾಕ್ ತೊಂದ್ರೆ, ಬುಡಿ ಸಾರ್" ಅಂದ.

ಸಾರ್. ನನ್ನಪ್ಪ ನನಗೆ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಅವನೇ ಎಲ್ಲ ಅರ್ಥ ಮಾಡಿಕೊಂಡಿದ್ದ. ತಂಡದವರಿಗೂ ಹೇಳಿಟ್ಟಿದ್ದ ಅಂತ ಕಾಣುತ್ತದೆ. ನನ್ನನ್ನು ಎತ್ತಿ ಆಡಿಸಿದವರು, ಒಬ್ಬರೂ ಹೆಸರು ಹಿಡಿದು ಕರೆಯಲಿಲ್ಲ.

ನೆಲದಲ್ಲಿ ಕೂತು ಎಂಟೂ ತಮಟೆ ಕಾಯಿಸಿದೆ. ಅಂಚಿನಿಂದ ನಡುವಿಗೆ, ನಿಧಾನ, ಅಪ್ಪ ಹೇಳಿಕೊಟ್ಟ ಹಾಗೆ. ಅಪ್ಪ ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ ಒಂದೊಂದನ್ನೇ ಎತ್ತಿಟ್ಟ. ಇದು ನಿಮ್ಮ ಬ್ಯಾಂಡಿನವರಿಗೂ ಗೊತ್ತಾ ಸರ್, ವಾವ್ ಅಂದರು ಮಂಜುಶ್ರೀ. ಅಪ್ಪ, ಓದಿದೋರ್ಗೆ ಎಲ್ಲಾ ಗೊತ್ತಿರ್ತದೆ ತಾಯಿ, ಅಂದ. ನಾನು ಬಾಯಿ ಬಿಡಲಿಲ್ಲ. ಆಗಲೂ ಬಿಡಲಿಲ್ಲ.

ಗೇಟಿನಿಂದ ಸ್ಟೇಜಿನವರೆಗೆ ಬಾರಿಸಿಕೊಂಡು ಬಂದರು. ಗಾಜಿನ ಬಿಲ್ಡಿಂಗೆಲ್ಲ ನಡುಗಿತು. ಫೈಲು ಹಿಡಿದವರು ಫೈಲು ಬಿಸಾಕಿ ಕುಣಿದರು.

ನಮ್ಮದೂ ಚೆನ್ನಾಗಿಯೇ ಆಯಿತು. ಕೊನೆಯ ಹಾಡಿಗೆ ಮುಂಚೆ ಕೃಪಾ ಮೈಕಿನಲ್ಲಿ, ಈ ಹಾಡು ನಮ್ಮ ಲೋಕೇಶ್‌ಗೆ ಡ್ರಮ್ಸ್ ಕಲಿಸಿದ ದಿವಂಗತ ಡೆಸ್ಮಂಡ್ ಸರ್ ಅವರಿಗೆ ಅಂದಳು. ಚಪ್ಪಾಳೆ. ನಾನು ಬೇಡ ಬೇಡ ಅಂದುಕೊಂಡೂ ಪಕ್ಕಕ್ಕೆ ನೋಡಿದೆ. ಅಪ್ಪ ಸ್ಟೇಜಿನ ಬದಿಯಲ್ಲಿ ನಿಂತಿದ್ದ, ಹೆಗಲಲ್ಲಿ ತಮಟೆ. ಒಂದು ಗಳಿಗೆ ಕೇಳಿದ್ದು ತಿಳಿಯದವನ ಹಾಗೆ ಇದ್ದ. ಆಮೇಲೆ ಎರಡೂ ಕೈ ಎತ್ತಿ ಮುಗಿದ.

ನವೆಂಬರ್ 15

ರಜೆ ಹಾಕಿದೆ. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಡೆಸ್ಮಂಡ್ ಸರ್ ನಿಜವಾಗಿ ಇದ್ದರು ಅಂತ ಅವನು ನಂಬಿಬಿಟ್ಟಿದ್ದಾನೆ! ಪೀಣ್ಯದಲ್ಲಿ ಓವರ್‌ಟೈಮ್ ಅಂತ ನಾನು ಹೋಗುತ್ತಿದ್ದ ವರ್ಷಗಳಲ್ಲಿ ಕಲಿತಿರಬೇಕು ಅಂತ ಅವನೇ ಲೆಕ್ಕ ಹಾಕಿಕೊಂಡಿದ್ದಾನೆ. ಟೀ ಕುಡಿಯುತ್ತಾ ಕೇಳಿದ.

"ಇನ್ನೊಬ್ರು ಮೇಷ್ಟ್ರು ಇದ್ರು ಅಂತ ಯೋಳ್ಲೇ ಇಲ್ವಲ್ಲ ಲೋಕಿ. ನಾನು ಕೈ ಕಲ್ಸ್ದೆ, ಅವ್ರು ಕಾಲಲ್ ಬಡ್ಯೋದೂ ಕಲ್ಸವ್ರೆ. ಸತ್ತಾಗ ಒಂದ್ ಮಾತು ಯೋಳಿದ್ರೆ ನಾನೇ ಬಂದು ಬಡೀತಿದ್ನಲ್ಲೋ."

ಅವನಿಗೆ ಬೇಜಾರಾಗಿರುವುದು ಅಷ್ಟಕ್ಕೇ. ಊರಿನವರೆಲ್ಲರ ಸಾವಿಗೆ ಬಾರಿಸಿದವನು, ಮಗನ ಗುರುವಿನ ಸಾವಿಗೆ ಬಾರಿಸಲಿಲ್ಲ ಅಂತ. ಯಾವಾಗ ಹೋದರು, ಯಾವ ಸ್ಮಶಾನ ಅಂತ ಕೇಳಿದ. ಬಾಯಿ ತಾನಾಗಿಯೇ ಕಳೆದ ಡಿಸೆಂಬರ್, ಕುಕ್ ಟೌನ್ ಹತ್ತಿರ ಅಂದಿತು. ನನ್ನ ಬಾಯಿಗೆ ಹುಳ ಬೀಳಲಿ.

ಮಧ್ಯಾಹ್ನ ಗ್ರೂಪಿನಲ್ಲಿ ಶಿವಶಂಕರ್ ಎರಡು ವಿಡಿಯೊ ಹಾಕಿದ. ಒಂದರಲ್ಲಿ ತಮಟೆಯವರ ಪೈಕಿ ಮುಂದೆ ನಡೆದ ಅಜ್ಜ, ಅಂದರೆ ಅಪ್ಪ, ಇನ್ನೊಂದರಲ್ಲಿ ನಾನು. ಎರಡರಲ್ಲೂ ಎಡಗೈ ಸುತ್ತ ಗುಂಡಗೆ ಗೆರೆ ಎಳೆದಿದ್ದಾನೆ. "ಸೇಮ್ ಟು ಸೇಮ್ ಮಗಾ, ಇದೆಂಗೆ?" ಅಂತ ಕೆಳಗೆ. ಪಂಚಾಕ್ಷರಿ ಎರಡು ಸಲ ನೋಡಿದನಂತೆ. ಕೃಪಾ ಬೇರೆಯಾಗಿ ಮೆಸೇಜ್ ಮಾಡಿದ್ದಾಳೆ, ಡ್ರೈಯರ್ ಯಾರಿಗೆ ಒಯ್ದಿದ್ದು ಅಂತ ಮಂಜುಶ್ರೀ ಹೇಳಿದ್ರು, ಅವರು ನಿನಗೆ ಗೊತ್ತಾ ಅಂತ. ಓದಿದ್ದೇನೆ. ಓದಿದ್ದು ಅವಳಿಗೂ ಕಾಣುತ್ತದೆ. ಉತ್ತರ ಬರೆದು ಅಳಿಸಿದೆ, ಬರೆದು ಅಳಿಸಿದೆ.

ನವೆಂಬರ್ 16, ಭಾನುವಾರ, ಬೆಳಿಗ್ಗೆ 8

ಹುಲ್ಲು ಸುಟ್ಟ ವಾಸನೆಗೆ ಎಚ್ಚರವಾಯಿತು. ಅಪ್ಪ ಅಂಗಳದಲ್ಲಿ ತಮಟೆ ಕಾಯಿಸುತ್ತಿದ್ದಾನೆ. ಒಗೆದ ಬಿಳಿ ಅಂಗಿ. ಪಕ್ಕದಲ್ಲಿ ಚೀಲ, ಬಾಳೆಹಣ್ಣು, ಊದುಬತ್ತಿ, ಒಂದು ಸೇವಂತಿಗೆ ಹಾರ. ಯಾರ ಮನೆ ಕೆಲಸ ಅಂತ ಕೇಳಿದೆ.

"ನಿಮ್ಮ ಮೇಷ್ಟ್ರದೇ ಕಣಪ್ಪ. ವರ್ಸ ಆಗ್ತಾ ಬಂತಲ್ಲ. ಅವ್ರ ಜನ ಒಪ್ತಾರೋ ಇಲ್ವೋ, ಗೇಟ್ ಆಚೆ ನಿಂತು ಒಂದು ಗಳಿಗೆ ಬಡುದ್ ಬರಾನ. ಎಲ್ಲಿ ಮಲಗವ್ರೆ ಅಂತ ತೋರ್ಸು, ಸಾಕು."

ಸ್ನಾನ ಮಾಡಿ ಬರುತ್ತೇನೆ ಅಂತ ಒಳಗೆ ಬಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಹೊರಗೆ ತಟ್ಟಿ ನೋಡುತ್ತಿದ್ದಾನೆ. ಬಿಗಿಯಾಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಕುಕ್ ಟೌನಿಗೆ ಕರೆದುಕೊಂಡು ಹೋಗಿ ಯಾವುದೋ ಕಲ್ಲು ತೋರಿಸಿದರೂ ನಂಬುತ್ತಾನೆ. ಯಾರದೋ ಸಮಾಧಿಗೆ ಹಾರ ಹಾಕಿ, ಯಾರದೋ ಹೆಸರಿಗೆ ಬಾರಿಸಿ, ನನ್ನ ಮುಖ ನೋಡಿ ತೃಪ್ತಿಪಟ್ಟುಕೊಂಡು ಬರುತ್ತಾನೆ. ಅದನ್ನು ಮಾತ್ರ ನೋಡಲಾರೆ. ಲೋಟ ಏನು ಬೇಕಾದರೂ ಆಗಲಿ.

ಕೃಪಾಗೆ ಕಳಿಸಿಬಿಟ್ಟೆ — ಅವರು ನಮ್ಮಪ್ಪ. ಮೂರೇ ನಿಮಿಷವಾಯಿತು. ಅವಳು ಟೈಪ್ ಮಾಡುತ್ತಿದ್ದಾಳೆ, ನಿಲ್ಲಿಸುತ್ತಿದ್ದಾಳೆ, ಮತ್ತೆ ಮಾಡುತ್ತಿದ್ದಾಳೆ. ಅವಳಿಗೆ ಬರೆದು ಹೇಳಬಹುದು. ಇವನಿಗೆ ಬಾಯಲ್ಲೇ ಹೇಳಬೇಕು.

ಕರೆಯುತ್ತಿದ್ದಾನೆ. ತಮಟೆ ಆರೋಗುತ್ತೆ, ಬಿರ್ರನೆ ಬಾ ಅಂತ.

ಬಂದೆ ಅಂದಿದ್ದೇನೆ. ಅಪ್ಪ, ಆ ಮೇಷ್ಟ್ರು ಸತ್ತಿಲ್ಲ ಅಂತ ಶುರು ಮಾಡಬೇಕು. ಆಮೇಲೆ ಆ ಹಾರ ತಗೊಂಡು ಅವನ ಕೊರಳಿಗೇ ಹಾಕಬೇಕು.