ಎರಡು ಹದ್ದು ಒಂದಾದದ್ದು

ಮನೆಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹಡಗಿನಲ್ಲಿ ಹೇಗಿದ್ದೀಯ? ಕೆಮ್ಮು ಬಿಟ್ಟಿತೇ, ಇಲ್ಲ ಎಂಜಿನ್ ಕೋಣೆಯ ಸೆಕೆಯಿಂದ ಎದ್ದು ಬಂದು ಗಾಳಿಗೆ ಮೈಯೊಡ್ಡುವ ಚಾಳಿ ಇನ್ನೂ ಇದೆಯೇ? ಅಪ್ಪನ ಮುರಿದ ಕಾಲು ಕೂಡಿಕೊಳ್ಳುತ್ತಿದೆ. ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗುತ್ತಾರೆ. ಬಾಯಿಗಂತೂ ಯಾವ ಪೆಟ್ಟೂ ಬಿದ್ದಿಲ್ಲ.

ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಸಲಕರಣೆಗಳಿಂದ ನನ್ನ ರಿಪೇರಿ ಹುಚ್ಚು ನಡೆಯುತ್ತದೆಯೇ, ಬಂದರಿನಿಂದ ಒಳ್ಳೆಯ ಸೆಟ್ ತರಲೇ ಎಂದು ಕೇಳಿದ್ದೆಯಲ್ಲ. "ಅಕ್ಕಾ, ಅವು ಮಕ್ಕಳ ಆಟದ ಸಾಮಾನು" ಅಂತ ನೀನು ನಕ್ಕದ್ದೂ ನೆನಪಿದೆ. ಉತ್ತರ ಕೊಡಬೇಕಾದರೆ ದುರ್ಬೀನಿನ ಕಥೆ ಹೇಳಬೇಕು.

ಕಾಲು ಮುರಿದಾಗಿನಿಂದ ಅಪ್ಪನ ಪ್ರಪಂಚವೆಂದರೆ ಮಂಚದ ಪಕ್ಕದ ಕಿಟಕಿ. ಎದುರಿನ ನೀರಿನ ಟ್ಯಾಂಕಿನ ಮೇಲೆ ಹದ್ದೊಂದು ಗೂಡು ಕಟ್ಟಿ ಮರಿ ಮಾಡಿತ್ತು. ದುರ್ಬೀನು ಹಿಡಿದು ಅದರ ಸಂಸಾರದ ವರದಿಯನ್ನೆಲ್ಲ ಅಪ್ಪ ನನಗೆ ಒಪ್ಪಿಸುತ್ತಿದ್ದರು. ಮರಿಯ ರೆಕ್ಕೆ ಬಲಿತು ಇನ್ನೇನು ಹಾರಬೇಕು ಅನ್ನುವಾಗ ದುರ್ಬೀನು ಕೈಜಾರಿ ನೆಲಕ್ಕೆ ಬಿತ್ತು. ಆಮೇಲೆ ಅದರಲ್ಲಿ ಎಲ್ಲವೂ ಎರಡೆರಡು. "ಎರಡು ಹದ್ದು ಕಾಣ್ತಿದೆ, ಎರಡೂ ಮಸುಕು" ಅಂದವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ಹಸಿವಿಲ್ಲ. ರಿಪೇರಿ ಅಂಗಡಿಯವನು ಇದನ್ನು ಎಸೆದುಬಿಡಿ ಅಂದ. ನನಗೆ ರೋಷ ಬಂತು.

ಬ್ಯಾಂಕಿಗೆ ರಜೆ ಹಾಕಿ, ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ ಕೂತೆ. ಫುಟ್‌ಪಾತಿನ ಹಳದಿ ಚಿಮುಟದ ತುದಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ, ಕೂಡಿದವು. ಭೂತಗಾಜೂ ಚೆನ್ನಾಗಿಯೇ ತೋರಿಸಿತು. ಕೈಕೊಟ್ಟದ್ದು ಸ್ಕ್ರೂಡ್ರೈವರ್. ತಿರುಗಿಸಿದ್ದೇ ತಡ ಅದರ ತುದಿ ಬೆಣ್ಣೆಯ ಹಾಗೆ ತಿರುಚಿಕೊಂಡು ಸ್ಕ್ರೂವಿನ ತಲೆಯನ್ನು ಹೆರೆಯಿತು. ಇನ್ನೊಮ್ಮೆ ಜಾರಿದ್ದರೆ ಅದನ್ನು ಬಿಚ್ಚುವ ಆಸೆಯನ್ನೇ ಬಿಡಬೇಕಿತ್ತು. ಅಲ್ಲಿಗೇ ನಿಲ್ಲಿಸಿ, ಬೀದಿಯ ಮೂಲೆಯ ಕನ್ನಡಕದಂಗಡಿಗೆ ಓಡಿದೆ. ಅಂಗಡಿಯವರನ್ನು ನೀನು ನೋಡಿದ್ದೀಯ, ಎತ್ತರದ ಮನುಷ್ಯ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುವವರು.

ಅವರು ಡ್ರಾಯರ್ ಎಳೆದಾಗ ನನಗೆ ನಗು ತಡೆಯಲಾಗಲಿಲ್ಲ. ಒಳಗಿದ್ದದ್ದೂ ಅದೇ ಫುಟ್‌ಪಾತಿನ ಸರಕು, ಅದೇ ಹಳದಿ ಚಿಮುಟ. ಸ್ಕ್ರೂಡ್ರೈವರ್ ಒಂದು ಮಾತ್ರ ಬೇರೆ. "ಮಿಕ್ಕಿದ್ದು ಹೇಗಿದ್ರೂ ನಡೆಯುತ್ತೆ. ಇದರ ತುದಿ ಗಟ್ಟಿ ಇರಬೇಕು, ಸ್ಕ್ರೂವಿನ ಸೀಳಿನ ತುಂಬ ಕೂರಬೇಕು" ಅಂದರು. ಕೊಟ್ಟು ಕಳಿಸಬಹುದಿತ್ತು, ಅಂಗಡಿಗೆ ಬೀಗ ಹಾಕಿ ತಾವೇ ನನ್ನ ಜೊತೆ ಬಂದರು.

ಬಿಚ್ಚಿ ನೋಡಿದರೆ ಒಳಗಿನ ಮೂರು ಮೂಲೆಯ ಗಾಜೊಂದು ಕೂತ ಜಾಗದಿಂದ ಓರೆಯಾಗಿತ್ತು, ಅಷ್ಟೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದನ್ನು ಸರಿಮಾಡಿ, ಅದನ್ನು ಅದುಮಿ ಹಿಡಿಯುವ ತಗಡಿನ ಪಟ್ಟಿಯನ್ನು ಚಿಮುಟದಿಂದ ಕೂರಿಸಿದೆ. ಕನ್ನಡಕದವರು ದೀಪ ಹಿಡಿದು ನಿಂತರು. ನನ್ನ ಕೈ ಅಲುಗೀತೆಂದು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಮುಚ್ಚಿದ ಮೇಲೆ ದುರ್ಬೀನನ್ನು ಅಪ್ಪನ ಕಣ್ಣಿಗೆ ಹಿಡಿಸಿ, ಆ ಗಾಜನ್ನು ಒಂಚೂರು ಸರಿಸುವ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ.

"ಹತ್ತಿರ ಬಂದ್ವು... ಇನ್ನೂ ಹತ್ತಿರ... ಒಂದಾಯ್ತು, ನಿಲ್ಲಿಸು" ಅಂದರು ಅಪ್ಪ. ಆಮೇಲೆ ಕಣ್ಣೊರೆಸಿಕೊಂಡು, ಊಟಕ್ಕೆ ಏನಿದೆ ಎಂದು ಕೇಳಿದರು.

ಮರಿ ಮೊನ್ನೆ ಬೆಳಿಗ್ಗೆ ಹಾರಿತು. ಟ್ಯಾಂಕಿನ ಅಂಚಿಗೆ ಬಂದು, ಹೆದರಿ ಹಿಂದೆ ಸರಿದು, ಮತ್ತೆ ಬಂದು, ಬಿದ್ದೇಬಿಟ್ಟಿತು ಅನ್ನುವಾಗ ರೆಕ್ಕೆ ಬಿಚ್ಚಿತು. ಅಪ್ಪ, ನಾನು, ಆವತ್ತಿನಿಂದ ದಿನಾ ಹದ್ದು ನೋಡಲು ಬರುತ್ತಿದ್ದ ಕನ್ನಡಕದವರು, ಮೂವರೂ ದುರ್ಬೀನಿಗಾಗಿ ಕಿತ್ತಾಡಿಕೊಂಡು ನೋಡಿದೆವು.

ಆದ್ದರಿಂದ ಸೆಟ್ ತರಬೇಡ. ನನ್ನಂಥವರ ಹವ್ಯಾಸಕ್ಕೆ ಅಗ್ಗದ್ದೇ ಸಾಕು. ಸ್ಕ್ರೂಡ್ರೈವರ್ ಒಂದು ಚೆನ್ನಾಗಿರಬೇಕು, ಅದು ಈಗ ನಮ್ಮ ಮನೆಯಲ್ಲೇ ಇದೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ,
ಅಕ್ಕ

ತಾ.ಕ.: ಅಂಚೆ ಡಬ್ಬಕ್ಕೆ ಹಾಕಲು ಹೊರಟವಳು ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಕನ್ನಡಕದವರು ನನ್ನನ್ನು ಮದುವೆಗೆ ಕೇಳಿದರು. ತಲೆ ಅರ್ಧ ಬೆಳ್ಳಗಾದ ಮೇಲೆ ಇದೇನು ಅನ್ನಬೇಡ, ಹೂಂ ಅಂದಾಯಿತು. ನೀನು ಬಾರದೆ ಮದುವೆಯಿಲ್ಲ, ರಜೆ ಹಾಕು. ಅಪ್ಪನಿಗೆ ಹೆದರುತ್ತಲೇ ಹೇಳಿದೆ. "ನಿನ್ನ ತಮ್ಮನಿಗೆ ಇದನ್ನು ಹೋದ ವಾರವೇ ಬರೆಯೋಣ ಅಂತಿದ್ದೆ. ಇನ್ನೂ ನಿಮ್ಮಿಬ್ಬರಿಗೇ ಗೊತ್ತಾದ ಹಾಗಿರಲಿಲ್ಲ, ಅದಕ್ಕೆ ಸುಮ್ಮನಾದೆ" ಅಂದರು.